ಗೊರಕೆ ಮೀನಿನ ಹೆರಿಗೆಮನೆ

ಕಂಪನಿಯ ಮೀನು ಸೀಳುವ ಶೆಡ್ಡಿನಲ್ಲಿ ಹೆಂಗಸರು ಕೂರುವಂತಿಲ್ಲ. ಕೂತರೆ ಕೈ ನಿಧಾನವಾಗುತ್ತದೆ ಎಂಬುದು ಮೇಸ್ತ್ರಿಯ ಲೆಕ್ಕ. ಬೆಳಿಗ್ಗೆ ಆರಕ್ಕೆ ಮೇಜಿನ ಮುಂದೆ ನಿಂತವರು ಮಧ್ಯಾಹ್ನ ಎರಡರವರೆಗೆ ನಿಂತೇ ಇರಬೇಕು. ಕಾಲ ಕೆಳಗೆ ರಕ್ತ ಬೆರೆತ ಐಸ್ ನೀರು. ಉಗುರು ಸಂದಿಯಲ್ಲಿ ಉಪ್ಪು ಕೂತು ಬೆರಳೆಲ್ಲ ಬಿಳುಚಿ ಬಿರಿದಿರುತ್ತವೆ. ಆಚೆ ಬದಿಯಲ್ಲಿ ಪ್ಯಾಕಿಂಗ್ ಮಾಡುವವರಿಗೆ ಕೈಗವಸು, ಗಂಬೂಟು ಎಲ್ಲ ಉಂಟು. ಸೀಳುವವರಿಗೆ ಇಲ್ಲ. ಕೇಳಿದರೆ, ನಿಮಗೆ ಅಭ್ಯಾಸವಲ್ಲವೇ ಎನ್ನುತ್ತಾರೆ.

ಸೀಳುವವರೆಲ್ಲ ದಂಡೆಯ ಕೊನೆಯ ಕೇರಿಯವರು. ಬಂದರಿನ ಜನ ಅದನ್ನು ಕರುಳುಕೇರಿ ಎಂದು ಕರೆಯುತ್ತಾರೆ. ಅಜ್ಜ ಮುತ್ತಜ್ಜರ ಕಾಲದಿಂದ ಮೀನಿನ ಕರುಳು ಬಾಚಿ ಹೊತ್ತು ಹಾಕಿದವರು ಅವರು. ಅವರ ಗಂಡಸರಿಗೂ ದೋಣಿಗಳಿವೆ, ಹುಟ್ಟು ಹಾಕಿ ಹೋಗುವ ಸಣ್ಣ ದೋಣಿಗಳು. ಬೋಟಿನವರ ಸಂಘದಲ್ಲಿ ಅವರನ್ನು ಸೇರಿಸಿಕೊಳ್ಳುವುದಿಲ್ಲ. ಆದ್ದರಿಂದ ಬಂದರಿನ ಕಟ್ಟೆಗೆ ದೋಣಿ ಕಟ್ಟುವ ಹಾಗಿಲ್ಲ. ದಿನಾ ಮರಳಿನ ಮೇಲೆ ಎಳೆದು ತರಬೇಕು, ದಿನಾ ನೀರಿಗೆ ನೂಕಬೇಕು. ಒಂದು ದೋಣಿಗೆ ನಾಲ್ಕು ಹೆಗಲು ಬೇಕು.

ಶೆಡ್ಡಿನ ಮೂರನೇ ಮೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ನಿಂತವಳನ್ನು ಎಲ್ಲರೂ ಕತ್ತಿಯಕ್ಕ ಎನ್ನುತ್ತಿದ್ದರು. ಅವಳ ಕೈಯಲ್ಲಿ ಕತ್ತಿ ಹೊಟ್ಟೆಯ ಮೇಲೆ ಒಂದೇ ಸಲ ಓಡುತ್ತಿತ್ತು, ಎರಡನೇ ಸಲ ಎಳೆದದ್ದನ್ನು ಯಾರೂ ನೋಡಿರಲಿಲ್ಲ. ಎಡಗೈಯ ತೋರುಬೆರಳಿನ ತುದಿ ಮಾತ್ರ ಇರಲಿಲ್ಲ. ಯಾರಾದರೂ ಕೇಳಿದರೆ ಹೇಳುತ್ತಿದ್ದಳು, "ಪ್ಯಾಕೆಟ್ಟಿನೊಳಗೆ ಸೇರಿ ಪರದೇಶಕ್ಕೆ ಹೋಯ್ತು. ನಮ್ಮ ಕೇರಿಯಿಂದ ಹಡಗು ಹತ್ತಿದ್ದು ಅದೊಂದೇ."

ಗಂಡ ಬೇರೆ ಬಂದರಿಗೆ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿಕೊಂಡಿದ್ದ. ಅವಳು ಚಿಕ್ಕಪ್ಪನ ಜೊತೆ ಇದ್ದಳು. ತಾಯಿ ತಂದೆ ಹೋದ ಮೇಲೆ ಸಾಕಿದವನೂ ಅವನೇ. ಅವನು ಗಾಳ ಹಾಕಿ ಮೀನು ಹಿಡಿಯುವವನು. ಅರವತ್ತೆಂಟು ದಾಟಿದ್ದರೂ ದಿನಾ ಕಡಲಿಗೆ ಹೋಗುತ್ತಿದ್ದ.

ಆ ಕಡಲಿನಲ್ಲಿ ಬೆಲೆಬಾಳುವ ಮೀನೆಂದರೆ ಗೊರಕೆ ಮೀನು. ನೀರಿನೊಳಗೆ ಅದು ಗೊರ್ ಗೊರ್ ಎಂದು ಸದ್ದು ಮಾಡುತ್ತದೆ, ಅದಕ್ಕೇ ಆ ಹೆಸರು. ಕೆಲವು ವರ್ಷಗಳಿಂದ ಅದು ಕಡಿಮೆಯಾಗುತ್ತ ಬಂದಿತ್ತು. ಗುಡ್ಡದ ಮೇಲಿನ ಮೀನು ಸಂಶೋಧನೆ ಆಫೀಸಿನವರು ಅದು ಎಲ್ಲಿ ಮೊಟ್ಟೆಯಿಡುತ್ತದೆ ಎಂದು ಮೂರು ವರ್ಷದಿಂದ ಹುಡುಕುತ್ತಿದ್ದರು. ಅವರ ಹಡಗು ಸಣ್ಣ ಕಣ್ಣಿನ ಬಲೆ ಎಳೆದುಕೊಂಡು ಕಡಲೆಲ್ಲ ಸುತ್ತಿತು. ಸಿಕ್ಕಿದ್ದು ಪಾಚಿ ಮತ್ತು ಪ್ಲಾಸ್ಟಿಕ್.

ಆಮೇಲೆ ಒಂದು ದಿನ ಆಫೀಸಿನ ಮೇಡಮ್ ಶೆಡ್ಡಿಗೇ ಇಳಿದು ಬಂದಳು. ಮೂವತ್ತೈದರ ಒಳಗಿನ ಹೆಂಗಸು. ಆಫೀಸಿನವರು ಬಂದರೆ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬರುವುದು ವಾಡಿಕೆ. ಇವಳು ಒತ್ತಿಕೊಳ್ಳಲಿಲ್ಲ. ಮೂರನೇ ಮೇಜಿನ ಹತ್ತಿರ ನಿಂತು, "ಅಕ್ಕ, ನಿಮ್ಮನ್ನ ಒಂದು ಮಾತು ಕೇಳ್ಬಹುದಾ?" ಎಂದಳು.

ಪಕ್ಕದ ಮೇಜಿನ ಮೊಂಡಿ, ನೀವು ಎಂದದ್ದು ಯಾರಿಗೆ ಎಂದು ಹಿಂದಕ್ಕೆ ತಿರುಗಿ ನೋಡಿದಳು. ಕತ್ತಿಯಕ್ಕನೂ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

ಮೇಸ್ತ್ರಿ ಓಡಿ ಬಂದ. "ಇವಳನ್ನೇನು ಕೇಳ್ತೀರಿ ಮೇಡಮ್? ಇವಳಿಗೆ ಕರುಳು ಬಿಟ್ರೆ ಏನು ಗೊತ್ತು?"

"ನನಗೂ ಕರುಳೇ ಬೇಕಾಗಿರೋದು" ಎಂದಳು ಮೇಡಮ್.

ಮೊಂಡಿ ನಕ್ಕಳು. ಶೆಡ್ಡಿಗೆ ಶೆಡ್ಡೇ ನಕ್ಕಿತು. ಕತ್ತಿಯಕ್ಕನಿಗೆ ಆ ಹೆಂಗಸು ಮನಸ್ಸಿಗೆ ಹಿಡಿಸಿದ್ದು ಆಗಲೇ.

ಕೇಳಿದ್ದಕ್ಕೆ ಅವಳು ಹೇಳಿದಳು. ಒಂದು ಹೊಟ್ಟೆ ಬಿಡಿಸಿ ತೋರಿಸಿದಳು. ಮೊಟ್ಟೆ ಸಾಸಿವೆಯ ಹಾಗೆ ಹಳದಿ, ಗಟ್ಟಿ. ಇದಕ್ಕೆ ಇನ್ನೂ ದಿನ ತುಂಬಿಲ್ಲ. ಇನ್ನೊಂದರ ಚೀಲ ಗಾಳಿ ಹೋದ ಬಲೂನಿನ ಹಾಗೆ ಕೆಂಪಗೆ ಜೋತಿತ್ತು. ಇದು ಹೆತ್ತು ಮುಗಿಸಿದೆ. ಮೂರನೆಯದರ ಹೊಟ್ಟೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ತೆಳ್ಳಗೆ, ಗಾಜಿನ ಮಣಿಯ ಹಾಗೆ, ಆಚೆ ಬದಿ ಕಾಣುವ ಮೊಟ್ಟೆಗಳು ಸುರಿದವು.

"ಇದು ನೀರುಮೊಟ್ಟೆ. ಇವತ್ತು ಸಂಜೆ ಹೆರೋ ಮೀನು ಇದು. ಹೆರಿಗೆಮನೆ ಬಾಗಿಲಲ್ಲೇ ಹಿಡಿದು ತಂದಿದ್ದಾರೆ."

ಮೇಡಮ್ ಒಂದು ಮೊಟ್ಟೆಯನ್ನು ಬೆರಳ ತುದಿಗೆ ಎತ್ತಿಕೊಂಡು ನೋಡಿದಳು. ಆಮೇಲೆ, "ಇದನ್ನ ಕಲಿಯೋಕೆ ನನಗೆ ಆರು ವರ್ಷ ಹಿಡೀತು ಅಕ್ಕ. ಅದೂ ಪುಸ್ತಕದಲ್ಲಿ" ಎಂದಳು.

ಮಾರನೆಯ ವಾರ ಕೆಲಸ ಮುಗಿದ ಮೇಲೆ ಆಫೀಸಿಗೆ ಬರಲು ಹೇಳಿದಳು. ಕತ್ತಿಯಕ್ಕ ಮೂರು ಸಲ ಸೋಪು ಹಾಕಿ ಕೈ ತಿಕ್ಕಿದಳು. ವಾಸನೆ ಹೋಗಲಿಲ್ಲ. ಅದು ಚರ್ಮದ್ದೇ ಆಗಿಬಿಟ್ಟಿತ್ತು. ಕಾವಲಿನವನು ಅವಳನ್ನು ಹಿಂದಿನ ಬಾಗಿಲಿಂದ ಕಳಿಸಿದ. ಒಳಗೆ ಮೇಡಮ್ ಎದ್ದು ಬಂದು ಒಂದು ಕುರ್ಚಿ ಎಳೆದುಕೊಟ್ಟಳು. ನೀಲಿ ಮೆತ್ತೆಯ ಕುರ್ಚಿ, ಕಾಲಿಗೆ ಚಕ್ರಗಳು. ಕತ್ತಿಯಕ್ಕ ಕೂತಳು. ಕುರ್ಚಿ ಹಿಂದಕ್ಕೆ ಜಾರಿತು. ಅವಳು ಮೇಜನ್ನು ಹಿಡಿದುಕೊಂಡಳು. ಇಬ್ಬರೂ ನಕ್ಕರು. ಮೇಡಮ್ ಕುಡಿಯುವಂಥದೇ ಬಿಳಿ ಕಪ್ಪಿನಲ್ಲಿ ಅವಳಿಗೂ ಚಹಾ ಬಂತು. ಭೂತಗನ್ನಡಿಯ ಕೆಳಗಿಟ್ಟು ನೀರುಮೊಟ್ಟೆ ತೋರಿಸಿದರು. ಒಳಗೆ ಒಂದೇ ಒಂದು ಎಣ್ಣೆ ಹನಿ ಹೊಳೆಯುತ್ತಿತ್ತು. ಇಪ್ಪತ್ತಾರು ವರ್ಷ ಬಕೆಟ್ಟಿಗೆ ಬಳಿದು ಹಾಕಿದ್ದು ಇದನ್ನೇ.

"ಜಾಗ ಗೊತ್ತಾದ್ರೆ ಮೊಟ್ಟೆಯಿಡೋ ಮೂರು ತಿಂಗಳು ಅಲ್ಲಿಗೆ ಯಾರೂ ಹೋಗದ ಹಾಗೆ ಮಾಡಬಹುದು" ಎಂದಳು ಮೇಡಮ್. "ದೊಡ್ಡ ಬೋಟೂ ಹೋಗೋ ಹಾಗಿಲ್ಲ. ಮೀನು ಉಳಿಯುತ್ತೆ. ವರದೀಲಿ ನಿಮ್ಮ ಹೆಸರೂ ಇರುತ್ತೆ ಅಕ್ಕ."

ಜಾಗ ಕತ್ತಿಯಕ್ಕನಿಗೆ ಗೊತ್ತಿತ್ತು.

ಹತ್ತೊಂಬತ್ತು ವರ್ಷದವಳಿದ್ದಾಗ ಚಿಕ್ಕಪ್ಪನಿಗೆ ಜ್ವರ ಬಿಟ್ಟು ತೋಳಲ್ಲಿ ಬಲವಿರಲಿಲ್ಲ. ಹುಟ್ಟು ಹಾಕಲು ಅವಳನ್ನು ಕರೆದೊಯ್ದಿದ್ದ. ಜಾಗಕ್ಕೆ ಗುರುತೆಂದರೆ, ನೀರಿನ ಟ್ಯಾಂಕು ಐಸ್ ಕಾರ್ಖಾನೆಯ ಚಿಮಣಿಯ ಹಿಂದೆ ಅಡಗಬೇಕು. ಇನ್ನೊಂದು ಕಡೆ ನೋಡಿದರೆ ಸೀಳು ಬಂಡೆಯ ನಡುವೆ ದೀಪದ ಕಂಬ ಕಾಣಬೇಕು. ಎರಡೂ ಕೂಡಿದ ಕಡೆ, ನೀರಿನಡಿಯ ಕಲ್ಲಿನ ಮೇಲೆ ದೋಣಿ ನಿಲ್ಲಿಸಿ, "ಹುಟ್ಟಿನ ಹಿಡಿಗೆ ಕಿವಿ ಇಡು" ಎಂದಿದ್ದ. ಮರದೊಳಗಿಂದ ಸದ್ದು ಬಂತು. ಸಾವಿರ ಜನ ಒಂದೇ ಕೋಣೆಯಲ್ಲಿ ಗೊರಕೆ ಹೊಡೆದ ಹಾಗೆ. ಗಾಳ ಇಳಿಸಲು ಹೋದರೆ ಕೈ ಹಿಡಿದಿದ್ದ. "ಹೆರಿಗೆಮನೆಗೆ ಕೊಕ್ಕೆ ತಗೊಂಡು ಹೋಗ್ತಾರೇನೇ ಯಾರಾದ್ರೂ? ಸುಮ್ನೆ ಕೇಳಿಸ್ಕೊ. ಯಾರ ಹತ್ರಾನೂ ಬಾಯಿ ಬಿಡಬೇಡ." ಕೇರಿಯ ಹಳೆಯ ಗಾಳದವರಿಗೆ ಕೆಲವರಿಗೆ ಆ ಜಾಗ ಗೊತ್ತಿತ್ತು. ಬಂದರಿನವರಿಗೆ ಗೊತ್ತಿರಲಿಲ್ಲ. ಕೇರಿಯವರ ಹತ್ತಿರ ಇದ್ದ ಆಸ್ತಿ ಅದೊಂದೇ.

ಅವಳು ಮೊದಲು ಚಿಕ್ಕಪ್ಪನ ಮನಸ್ಸು ನೋಡಿದಳು. ಊಟಕ್ಕೆ ಕೂತಾಗ, "ಆಫೀಸಿನವರು ಆ ಜಾಗ ಕಾಪಾಡ್ತಾರಂತೆ ಚಿಕ್ಕಪ್ಪ" ಎಂದಳು.

"ಯಾರಿಂದ?"

"ದೊಡ್ಡ ಬೋಟಿನವರಿಂದ."

"ಕೋಳಿ ಕೇಳಿ ಮಸಾಲೆ ಅರೀತಾರೇನೇ?" ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ಇಷ್ಟು ದಿನ ಕಾಪಾಡಿದ್ದು ಯಾವ ಆಫೀಸು? ಗೊತ್ತಿಲ್ಲದೆ ಇರೋದೇ ಅದಕ್ಕೆ ಬೇಲಿ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ತಿಳ್ಕೊ."

ತಿಳಿದುಕೊಂಡಳು. ಆದರೂ ನಾಲ್ಕನೇ ಸಲ ಆಫೀಸಿಗೆ ಹೋದಾಗ ಹೇಳಿಬಿಟ್ಟಳು. ಯಾರೂ ಬಲವಂತ ಮಾಡಿರಲಿಲ್ಲ. ದುಡ್ಡಿನ ಆಸೆಯನ್ನೂ ತೋರಿಸಿರಲಿಲ್ಲ. ಮೇಡಮ್ ಗೋಡೆಯ ಮೇಲಿನ ಕಡಲಿನ ನಕ್ಷೆ ತೋರಿಸಿ, "ಇಷ್ಟು ದೊಡ್ಡ ಕಡಲಲ್ಲಿ ನಾವು ಕುರುಡರ ಹಾಗೆ ತಡಕಾಡ್ತಿದ್ದೀವಿ, ನೀವೇ ಹೇಳಿ ಅಕ್ಕ" ಎಂದಳು, ಅಷ್ಟೇ. ನೀವೇ ಹೇಳಿ ಎಂದು ಹುಟ್ಟಿದ ಲಾಗಾಯ್ತಿನಿಂದ ಅವಳನ್ನು ಯಾರೂ ಕೇಳಿರಲಿಲ್ಲ. ಬಾಯಿ ತಾನಾಗಿ ತೆರೆದುಕೊಂಡಿತು. ಟ್ಯಾಂಕು, ಚಿಮಣಿ, ಸೀಳು ಬಂಡೆ, ಕಂಬ, ಎಲ್ಲ ಹೇಳಿದಳು. ಹೇಳುವಾಗ ಖುಷಿಯಾಗಿತ್ತು. ಆಮೇಲೆ ಅವಳನ್ನು ಸುಟ್ಟದ್ದು ಆ ಖುಷಿಯ ನೆನಪೇ.

ಸಂಜೆಯ ಹೊತ್ತಿಗೆ ಆಫೀಸಿನ ಬೋಟಿನಲ್ಲಿ ಹೋದರು. ಆಫೀಸಿನ ದೊಡ್ಡ ಸಾಹೇಬರೂ ಬಂದಿದ್ದರು. ಎಲ್ಲಿ ನಿಲ್ಲಿಸಬೇಕೆಂದು ಅವಳು ಕೈ ಮಾಡಿ ತೋರಿಸಿದಳು. ನೀರಿಗೆ ಮೈಕು ಇಳಿಸಿದರು. ಸಣ್ಣ ಬಲೆ ಎಳೆದರು. ಬಾಟಲಿಯ ತುಂಬ ನೀರುಮೊಟ್ಟೆ ಬಂತು. ಬೋಟಿನಲ್ಲಿದ್ದವರೆಲ್ಲ ಕೈ ಕುಲುಕಿಕೊಂಡರು. ಸಾಹೇಬರು ಅವಳ ಕಡೆಗೂ ಕೈ ಚಾಚಿದರು. ಅವಳ ಕೈ ನೋಡಿದರು. ಚಾಚಿದ ಕೈಯನ್ನು ಮೇಲೆತ್ತಿ ಗಾಳಿಯಲ್ಲೇ ಎರಡು ಸಲ ತಟ್ಟಿ, "ಭೇಷ್" ಎಂದರು.

ಅದನ್ನೂ ಅವಳು ಒಳ್ಳೆಯದೆಂದೇ ತಿಳಿದಳು.

ಒಂದು ತಿಂಗಳ ಮೇಲೆ ಬಂದರಿನ ಹಲಗೆಗೆ ಆದೇಶ ಅಂಟಿಸಿದರು. ಜೊತೆಗೊಂದು ನಕ್ಷೆ. ಟ್ಯಾಂಕು, ಬಂಡೆ ಏನೂ ಇಲ್ಲ, ಬರೀ ಅಂಕಿಗಳು, ನಡುವೆ ಒಂದು ಕೆಂಪು ಚೌಕ. ಓದಲು ಬರುವವನೊಬ್ಬ ಗಟ್ಟಿಯಾಗಿ ಓದಿದ. ಮೂರು ತಿಂಗಳು ಈ ಚೌಕದೊಳಗೆ ಸಂಘದ ಸದಸ್ಯತ್ವವಿಲ್ಲದ ದೋಣಿಗಳು ಬರಕೂಡದು. ಅಧ್ಯಯನದ ಉದ್ದೇಶಕ್ಕಾಗಿ ಕಂಪನಿಯ ನಾಲ್ಕು ಬೋಟುಗಳಿಗೆ ವಿಶೇಷ ಪರವಾನಗಿ. ಜಾಗವನ್ನು ಸ್ಥಳೀಯ ಮೂಲದಿಂದ ಗುರುತಿಸಲಾಗಿದೆ.

ಸ್ಥಳೀಯ ಮೂಲ. ಅವಳ ಹೆಸರು ಅಷ್ಟೇ ಆಗಿತ್ತು.

ಮಾರನೆಯ ದಿನ ಶೆಡ್ಡಿಗೆ ಮೀನು ಬಂತು. ಅಷ್ಟು ಮೀನನ್ನು ಅವಳು ಹುಟ್ಟಿದ ಮೇಲೆ ನೋಡಿರಲಿಲ್ಲ. ಕ್ರೇಟಿನ ಮೇಲೆ ಕ್ರೇಟು, ಸೂರಿನ ತನಕ. ಎಲ್ಲ ಹೆಣ್ಣು, ಎಲ್ಲ ತುಂಬುಹೊಟ್ಟೆ. ಮೇಜಿಗೆ ಹಾಕುತ್ತಲೇ ಸುರಿಯುತ್ತಿದ್ದವು. ಕತ್ತಿ ತಾಗಿಸುವುದೇ ಬೇಕಿರಲಿಲ್ಲ. ಮೊದಲ ದಿನ ಹದಿನಾಲ್ಕು ಗಂಟೆ ನಿಲ್ಲಿಸಿದರು. ಎರಡನೇ ದಿನವೂ ಹದಿನಾಲ್ಕು. ಗಟ್ಟಿ ಮೊಟ್ಟೆಯ ಚೀಲಕ್ಕೆ ಹೊರಗೆ ಬೆಲೆ, ಅದನ್ನು ಬೇರೆ ಡಬ್ಬಿಗೆ ಇಡಬೇಕು. ನೀರುಮೊಟ್ಟೆಗೆ ಬೆಲೆಯಿಲ್ಲ. ಅದು ನೆಲಕ್ಕೆ. ಕಾಲಿನ ಗಂಟಿನ ತನಕ ಮೊಟ್ಟೆ ನಿಂತಿತು. ನಡೆದರೆ ಕಾಲ ಕೆಳಗೆ ಪಟಪಟನೆ ಒಡೆಯುತ್ತಿದ್ದವು.

ಮೂರನೇ ದಿನ ಚರಂಡಿ ಕಟ್ಟಿತು. ಮೇಸ್ತ್ರಿ ಸುತ್ತ ನೋಡಿ ಅವಳನ್ನೇ ಕರೆದ. "ಏಯ್, ಕೈ ಹಾಕಿ ತೆಗಿ."

ಅವಳು ಹೊಟ್ಟೆಯ ಮೇಲೆ ಮಲಗಿ ಹೆಗಲ ತನಕ ತೋಳು ಇಳಿಸಿದಳು. ಗಂಜಿಯ ಹಾಗಿದ್ದ ಮೊಟ್ಟೆಯನ್ನು ಹಿಡಿ ಹಿಡಿಯಾಗಿ ಬಾಚಿ ಮೇಲೆ ಹಾಕಿದಳು. ಮುಖಕ್ಕೆ ಹಾರಿತು, ಬಾಯಿಗೆ ಹೋಯಿತು. ಉಗುಳಲು ಹೋದಳು, ಆಗಲಿಲ್ಲ. ಹುಟ್ಟಿನ ಹಿಡಿಗೆ ಕಿವಿಯಿಟ್ಟ ದಿನ ನೆನಪಾಯಿತು. ಮಲಗಿದ ಕಡೆಯೇ ವಾಂತಿ ಮಾಡಿಕೊಂಡಳು. ಅದನ್ನೂ ತಾನೇ ಬಳಿದಳು.

ಮೊಂಡಿ ಬಂದು ಎಬ್ಬಿಸಿದಳು. "ಯಾವ ನಾಲಿಗೆ ಹೇಳ್ತೋ ಆ ಜಾಗಾನ, ಅದು ಬಿದ್ದುಹೋಗ್ಲಿ" ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕತ್ತಿಯಕ್ಕನ ಕೈ ಬಾಯಿಗೆ ಹೋಯಿತು. ಮೊಂಡಿ ಗಮನಿಸಲಿಲ್ಲ. ಅವಳ ಗಂಡನೂ ಗಾಳದವನು.

ಅದೇ ವಾರ ಚಿಕ್ಕಪ್ಪನನ್ನು ಹಿಡಿದರು. ಅವನು ಆ ಕಲ್ಲಿನಿಂದ ಆಚೆ, ತಾನು ಯಾವಾಗಲೂ ಕೂರುವ ಕಡೆಯೇ ಇದ್ದ. ಕೆಂಪು ಗೆರೆ ಅವನ ದೋಣಿಯ ಮೇಲೇ ಹಾದುಹೋಗಿತ್ತು. ಕಾವಲು ಬೋಟಿನವರು ದೋಣಿಯನ್ನು ಎಳೆದು ತಂದರು. ಒದ್ದೆ ಅಂಗಿಯಲ್ಲೇ ಅವನನ್ನು ಕಟ್ಟೆಯ ಮೇಲೆ ಮಧ್ಯಾಹ್ನದ ತನಕ ಕುಕ್ಕರುಗಾಲಲ್ಲಿ ಕೂರಿಸಿದರು. ಅವನ ಕಣ್ಣೆದುರೇ ಕಂಪನಿಯ ಬೋಟು ಗೊರಕೆ ಮೀನು ಇಳಿಸುತ್ತಿತ್ತು. ಎಳೆಯ ಕಾವಲುಗಾರನೊಬ್ಬ, "ಏನಜ್ಜ, ಮೀನು ಹೆರೋ ಕಡೆ ನಿನಗೇನು ಕೆಲಸ, ಸೂಲಗಿತ್ತಿನಾ ನೀನು?" ಎಂದ. ಇಳಿಸುತ್ತಿದ್ದವರು ನಕ್ಕರು. ಕತ್ತಿಯಕ್ಕ ಶೆಡ್ಡಿನ ಕಿಟಕಿಯಿಂದ ನೋಡಿದಳು. ಹೊರಗೆ ಬರಲಿಲ್ಲ.

ಮೂರು ದಿನದ ಮೇಲೆ ದೋಣಿ ಬಿಟ್ಟರು. ಆ ಸಂಜೆ ಕೇರಿಯವರು ದಂಡೆಯಲ್ಲಿ ಸೇರಿದರು. ನಮ್ಮವರೇ ಯಾರೋ ಹೇಳಿದ್ದಾರೆ, ಯಾರು ಎಂದು ಒಬ್ಬೊಬ್ಬರ ಮುಖ ನೋಡುತ್ತಾ ಕೇಳತೊಡಗಿದರು. ಕತ್ತಿಯಕ್ಕ ಹೇಳಬೇಕು ಎಂದುಕೊಂಡಳು. ಈಗ ಹೇಳುತ್ತೇನೆ, ಈಗ ಎಂದುಕೊಳ್ಳುತ್ತಿರುವಾಗಲೇ ಚಿಕ್ಕಪ್ಪ ಎದ್ದು ನಿಂತ.

"ನಾನೇ" ಎಂದ. "ಆಫೀಸಿನವನೊಬ್ಬ ಬಂದಿದ್ದ. ಮಾತಿಗೆ ಮಾತು ಬಂತು. ವಯಸ್ಸಾಯ್ತು, ನಾಲಿಗೆ ಹಿಡಿತ ತಪ್ತು."

ಯಾರೂ ಬೈಯಲಿಲ್ಲ. ಒಬ್ಬೊಬ್ಬರಾಗಿ ಎದ್ದು ಹೋದರು. ಮೊಂಡಿಯ ಗಂಡ ಮಾತ್ರ ಅವನ ಕಾಲ ಬಳಿ ಮರಳಿಗೆ ಉಗುಳಿ ಹೋದ.

ಮನೆಗೆ ಬಂದ ಮೇಲೆ ಅವಳು ಗೋಡೆಗೆ ಮುಖ ಮಾಡಿ ಕೂತಳು. ಚಿಕ್ಕಪ್ಪ ಅಂಗಿ ತೆಗೆದು ಹಿಂಡಿ ಹಗ್ಗದ ಮೇಲೆ ಹರವಿದ. ತಿರುಗಿ ನೋಡದೆ ಕೇಳಿದ, "ಏನು ಕೊಟ್ರು?"

"ಏನೂ ಕೊಡ್ಲಿಲ್ಲ."

"ಸುಮ್ನೆ ಹೇಳಿದ್ಯಾ?"

"ಕೂರೋಕೆ ಕುರ್ಚಿ ಕೊಟ್ರು ಚಿಕ್ಕಪ್ಪ. ನೀವು ಅಂತ ಕರೆದ್ರು."

ಬೈದಿದ್ದರೆ, ಹೊಡೆದಿದ್ದರೆ ಅವಳಿಗೆ ಬದುಕಲು ಆಗುತ್ತಿತ್ತು. ಅವನು ಬಂದು ಅವಳ ಹತ್ತಿರ ನೆಲದ ಮೇಲೆ ಕೂತ.

"ನನ್ನನ್ನೂ ಒಬ್ಬರು ಹಾಗೆ ಕರೆದಿದ್ರೆ, ನಾನು ಹೇಳ್ತಿರಲಿಲ್ಲ ಅಂತ ಹೇಗೆ ಹೇಳಲಿ" ಎಂದ. "ಇರಲಿ ಬಿಡು. ನೀನು ಶೆಡ್ಡಿಗೆ ಹೋಗಬೇಕಾದವಳು, ಅವರ ನಡುವೆ ನಿಲ್ಲಬೇಕಾದವಳು. ನಂದೇನು, ಇನ್ನೆಷ್ಟು ದಿನ."

ಬೆಳಿಗ್ಗೆ ಅವನ ದೋಣಿಗೆ ಹೆಗಲು ಕೊಡಲು ಯಾರೂ ಬರಲಿಲ್ಲ. ಪಕ್ಕದ ದೋಣಿಗಳನ್ನು ನಾಲ್ಕು ನಾಲ್ಕು ಜನ ನೂಕಿಕೊಂಡು ಹೋದರು, ಇವನ ಕಡೆ ತಿರುಗದೆ. ಅವನೊಬ್ಬನೇ ನೂಕಿದ. ದೋಣಿ ಅಲ್ಲಾಡಲಿಲ್ಲ. ಅವಳು ಓಡಿ ಹೋಗಿ ಹೆಗಲು ಕೊಟ್ಟಳು. ಇಬ್ಬರೂ ಸೇರಿ ಗೇಣು ಗೇಣಾಗಿ ನೂಕಿ ನೀರು ಮುಟ್ಟಿಸುವಷ್ಟರಲ್ಲಿ ಬಿಸಿಲೇರಿತ್ತು. ಅವನ ಎದೆ ಬೆಸ್ತನ ಬುಟ್ಟಿಗೆ ಬಿದ್ದ ಮೀನಿನ ಕಿವಿರಿನ ಹಾಗೆ ಬಡಿದುಕೊಳ್ಳುತ್ತಿತ್ತು. ಅವಳ ಹೆಗಲಿನ ಚರ್ಮ ಸುಲಿಯಿತು. ಶೆಡ್ಡಿಗೆ ತಡವಾಗಿ ಹೋದಳು, ಮೇಸ್ತ್ರಿಯ ಬೈಗುಳ ತಿಂದಳು.

ಹೀಗೆ ಹನ್ನೆರಡು ದಿನ. ಹನ್ನೆರಡು ದಿನವೂ ಅವಳು ಬಾಯಿ ಬಿಡಲಿಲ್ಲ. ಮೊಂಡಿ ಮೇಜಿನ ಪಕ್ಕದಲ್ಲಿ ನಿಂತು ಮುದುಕನಿಗೆ ಶಾಪ ಹಾಕುವಳು. ಆಮೇಲೆ ಇವಳ ಹೆಗಲು ನೋಡಿ, "ನಿನ್ನ ಹಣೆಬರಹ ನೋಡು, ಅಂಥವನನ್ನ ಸಾಕಬೇಕು" ಎಂದು ಎಣ್ಣೆ ತಂದು ಹಚ್ಚುವಳು. ಕತ್ತಿಯಕ್ಕ ಹಚ್ಚಿಸಿಕೊಳ್ಳುವಳು. ವರದಿಯಲ್ಲಿ ಹೆಸರು ಹಾಕದೆ ಇದ್ದದ್ದೇ ಒಳ್ಳೆಯದಾಯಿತು ಎಂದು ಒಂದು ದಿನ ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ ಮೇಲೆ ತನ್ನ ಮುಖವನ್ನು ನೀರಿನಲ್ಲಿ ಕೂಡ ನೋಡಿಕೊಳ್ಳಲಾರದೆ ಹೋದಳು.

ಅಷ್ಟರಲ್ಲಿ ಕಂಪನಿಯ ಬೋಟುಗಳು ಬರಿದಾಗಿ ಬರತೊಡಗಿದವು. ಉಳಿದ ಮೀನು ಆ ಕಲ್ಲನ್ನು ಬಿಟ್ಟು ಎಲ್ಲಿಗೋ ಹೋಗಿತ್ತು. ಶೆಡ್ಡಿನ ಸೂರಿನ ತನಕ ಇದ್ದ ಕ್ರೇಟುಗಳು ಸೊಂಟಕ್ಕೆ ಇಳಿದವು, ಆಮೇಲೆ ಮೊಣಕಾಲಿಗೆ.

ಹದಿಮೂರನೇ ದಿನ ದೊಡ್ಡ ಸಾಹೇಬರು ಶೆಡ್ಡಿಗೇ ಬಂದರು. ಜೊತೆಯಲ್ಲಿ ಮೇಡಮ್. ಮೇಸ್ತ್ರಿ ಎಲ್ಲಿಂದಲೋ ಒಂದು ಕುರ್ಚಿ ಹೊತ್ತುಕೊಂಡು ಬಂದು ರಕ್ತದ ನೀರಿನಲ್ಲೇ ಇಟ್ಟ. ಸಾಹೇಬರಿಗೆ ಎಂದು ಎಲ್ಲರೂ ತಿಳಿದರು. ಸಾಹೇಬರು ಕತ್ತಿಯಕ್ಕನ ಕಡೆ ನೋಡಿ, "ಕೂತ್ಕೊಳಮ್ಮ" ಎಂದರು.

ಆ ಶೆಡ್ಡಿಗೆ ಕುರ್ಚಿ ಬಂದದ್ದು ಅದೇ ಮೊದಲು. ಹನ್ನೊಂದು ಜನ ಹೆಂಗಸರು ಕತ್ತಿ ನಿಲ್ಲಿಸಿ ನೋಡಿದರು.

"ಮೀನು ಜಾಗ ಬದಲಾಯಿಸಿದೆ" ಎಂದರು ಸಾಹೇಬರು. "ನೀನು ಮೊಟ್ಟೆ ನೋಡಿ ಹೇಳ್ತೀಯಂತೆ. ಬರೋ ಮೀನನ್ನೆಲ್ಲ ನೋಡು. ನೀರುಮೊಟ್ಟೆ ಯಾವ ಬೋಟಿಂದ ಬಂತು ಅಂತ ಗುರುತು ಹಾಕಿ ಕೊಡು. ಹೊಸ ಜಾಗ ಸಿಗೋ ತನಕ ಸೀಳೋ ಕೆಲಸ ಬೇಡ, ಕೂತು ಮಾಡೋ ಕೆಲಸ ಇದು."

ಮೇಡಮ್ ನೆಲ ನೋಡುತ್ತಿದ್ದಳು. "ಅಕ್ಕ, ಈ ಸಲ ಹಾಗಾಗದ ಹಾಗೆ ನೋಡ್ಕೋತೀನಿ" ಎಂದಳು. "ನಾನು ಬರೆದಿದ್ದು ಯಾರೂ ಹೋಗಬಾರದು ಅಂತಾನೇ."

"ಬರೆದಿದ್ದು ನೀವು ಮೇಡಮ್. ಅಳಿಸೋರು ಯಾರು ಅಂತ ನಿಮಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ."

ಮೇಸ್ತ್ರಿ ಅವಳ ತೋಳು ಹಿಡಿದು ಕುರ್ಚಿಯ ಕಡೆ ಒತ್ತಿದ. "ಸಾಹೇಬ್ರು ಹೇಳ್ತಿದ್ದಾರೆ, ಕೂತ್ಕೊಳೇ."

"ಕೂರಲ್ಲ."

"ಏನು?"

"ಕೂರಲ್ಲ. ನೋಡೋದೂ ಇಲ್ಲ. ಯಾವ ಮೀನಿನ ಹೊಟ್ಟೇನೂ ನಿಮಗೋಸ್ಕರ ನಾನು ಇನ್ನು ಓದಲ್ಲ."

ಅವಳು ಕತ್ತಿಯನ್ನು ಮೇಜಿನ ಮೇಲಿಟ್ಟಳು. ಮೊಂಡಿಯ ಕಡೆ ತಿರುಗಿದಳು. ಮೇಜಿನ ಅಂಚು ಹಿಡಿದುಕೊಂಡಳು.

"ನನ್ನ ಚಿಕ್ಕಪ್ಪ ಯಾರಿಗೂ ಏನೂ ಹೇಳ್ಲಿಲ್ಲ. ಹೇಳಿದ್ದು ನಾನು. ಬೋಟಲ್ಲಿ ಕರ್ಕೊಂಡು ಹೋಗಿ ತೋರಿಸಿದ್ದೂ ನಾನೇ. ಒಂದು ಕುರ್ಚಿಗೆ, ಒಂದು ಕಪ್ಪು ಚಹಾಕ್ಕೆ. ಅವನು ನನಗೋಸ್ಕರ ಸುಳ್ಳು ಹೇಳಿದ. ನಾನು ಹೇಳಿಸ್ಕೊಂಡೆ. ನೀನು ಹಚ್ಚಿದ ಎಣ್ಣೇನೂ ಹಚ್ಚಿಸ್ಕೊಂಡೆ."

ಮೊಂಡಿ ಅವಳನ್ನು ನೋಡಿದಳು. ಬೈಯುತ್ತಾಳೆ ಎಂದು ಕತ್ತಿಯಕ್ಕ ಕಾದಳು. ಮೊಂಡಿ ಬೈಯಲಿಲ್ಲ. ಕೈಯನ್ನು ಸೀರೆಗೆ ಒರೆಸಿಕೊಂಡಳು, ಎಣ್ಣೆ ಹಚ್ಚಿದ ಕೈಯನ್ನು, ಮತ್ತೆ ಮತ್ತೆ. ಆಮೇಲೆ ಬೆನ್ನು ತಿರುಗಿಸಿ ಮೀನು ಎತ್ತಿಕೊಂಡಳು.

"ಆಚೆ ನಡಿ" ಎಂದ ಮೇಸ್ತ್ರಿ. "ನಾಳೆಯಿಂದ ಬರಬೇಡ."

ಅವಳು ಹೊರಟಳು. ಬಾಗಿಲ ತನಕ ಮೊಟ್ಟೆಯ ಸಿಪ್ಪೆ ಕಾಲಿಗಂಟುತ್ತಿತ್ತು. ಯಾರೂ ಅವಳ ಹಿಂದೆ ಬರಲಿಲ್ಲ. ಬರಬೇಕೆಂದು ಅವಳೂ ನಿರೀಕ್ಷಿಸಿರಲಿಲ್ಲ.

ಮಾರನೆಯ ಬೆಳಿಗ್ಗೆ ಚಿಕ್ಕಪ್ಪನ ದೋಣಿಯ ಹತ್ತಿರ ಐದು ಜನ ಬಂದು ನಿಂತಿದ್ದರು. ಮೊಂಡಿಯ ಗಂಡನೂ ಇದ್ದ. ಏನೂ ಹೇಳದೆ ಹೆಗಲು ಕೊಟ್ಟರು. ಅವಳು ಬಾಗಿಲಲ್ಲೇ ನಿಂತು ನೋಡಿದಳು. ಸಂಜೆ ಬಂದ ಚಿಕ್ಕಪ್ಪ ಅವಳ ಮೇಲೆ ಸಿಟ್ಟಾಗಿದ್ದ. "ನನ್ನ ಮಾನ ಹೋಗೋದು ಹೋಗಿತ್ತು. ನಿಂದಾದ್ರೂ ಉಳೀತಿತ್ತಲ್ಲೇ."

"ಉಳಿದಿತ್ತು ಅಂತ ಯಾರು ಹೇಳಿದ್ರು ನಿನಗೆ?" ಎಂದಳು ಅವಳು.

ಆಮೇಲಿಂದ ಅವಳು ಅಳಿವೆಯ ಕೆಸರಿನಲ್ಲಿ ಗಾಳಕ್ಕೆ ಹುಳು ತೆಗೆಯುವ ಕೆಲಸಕ್ಕೆ ಬಿದ್ದಳು. ಮೊಣಕಾಲ ತನಕ ಕೆಸರು, ಬಗ್ಗಿದ ಬೆನ್ನು. ಕೇರಿಯ ಗಾಳದವರು ಹುಳು ಕೊಳ್ಳುತ್ತಿದ್ದರು. ಡಬ್ಬಿ ನೆಲದ ಮೇಲಿಟ್ಟು ಹೋಗುವರು, ತುಂಬಿದ ಮೇಲೆ ಬಂದು ಎತ್ತಿಕೊಳ್ಳುವರು. ಮಾತಿಲ್ಲ. ಆಫೀಸಿನ ಹಡಗು ಮತ್ತೆ ಸಣ್ಣ ಬಲೆ ಎಳೆದುಕೊಂಡು ಕಡಲು ಸುತ್ತತೊಡಗಿತ್ತು. ಕೆಸರಿನಿಂದ ತಲೆ ಎತ್ತಿದರೆ ಅದು ಕಾಣಿಸುತ್ತಿತ್ತು. ಅವಳು ತಲೆ ಎತ್ತುತ್ತಿರಲಿಲ್ಲ.

ಮರುವರ್ಷ ಅದೇ ಕಾಲದಲ್ಲಿ ಒಂದು ದಿನ ಮಧ್ಯಾಹ್ನ ಮೊಂಡಿ ಕೆಸರಿನ ಅಂಚಿಗೆ ಬಂದು ನಿಂತಳು. ಸೆರಗಿನ ಮರೆಯಲ್ಲಿ ಏನೋ ಇತ್ತು. ಒಂದು ವರ್ಷದಲ್ಲಿ ಅವಳು ಇಷ್ಟು ಹತ್ತಿರ ಬಂದದ್ದೇ ಇರಲಿಲ್ಲ. ಸೆರಗು ತೆಗೆದಳು. ಒಂದು ಗೊರಕೆ ಮೀನು, ಹೊಟ್ಟೆ ಉಬ್ಬಿದ್ದು, ಬಾಯಲ್ಲಿ ಗಾಳದ ಗಾಯ.

"ಗಂಡನಿಗೆ ಸಿಕ್ತು" ಎಂದಳು, ಬೇರೆ ಕಡೆ ನೋಡುತ್ತಾ. "ಒಂದೇ. ಇದನ್ನ ನೋಡಿ ಹೇಳೋಕೆ ಕೇರೀಲಿ ಬೇರೆ ಯಾರೂ ಇಲ್ಲ."

ಕತ್ತಿಯಕ್ಕ ಕೈಯ ಕೆಸರನ್ನು ತೊಳೆದುಕೊಂಡಳು. ಮೀನನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿದಳು. ಒಂದು ಮೊಟ್ಟೆ ಬಂದು ಉಗುರಿನ ಮೇಲೆ ನಿಂತಿತು. ಅದರೊಳಗಿನಿಂದ ಉಗುರಿನ ಬಿರುಕು ಕಾಣುತ್ತಿತ್ತು.

"ಇವತ್ತು ಸಂಜೆ ಹೆರೋದಿತ್ತು" ಎಂದಳು.

"ಹಾಗಾದ್ರೆ ಅಲ್ಲಿಗೆ ಹೋಗಬಾರದು."

"ಮೂರು ತಿಂಗಳು ಯಾರೂ ಹೋಗಬಾರದು. ನಿಮ್ಮವರಿಗೆಲ್ಲ ಹೇಳು."

ಮೊಂಡಿ ತಲೆಯಾಡಿಸಿದಳು. ಆಮೇಲೆ ದಂಡೆಯ ಆ ಕಡೆ ಈ ಕಡೆ ನೋಡಿ, ಬಗ್ಗಿ, ದನಿ ತಗ್ಗಿಸಿ, "ಎಲ್ಲಿ ಸಿಕ್ತು ಗೊತ್ತಾ, ಆ..." ಎಂದು ಶುರುಮಾಡಿದಳು.

ಕತ್ತಿಯಕ್ಕ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

"ಬೇಡ. ನನಗೆ ಹೇಳಬೇಡ" ಎಂದಳು.